ಸುದ್ದಿ ತಂದವರು

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಬೆಡ್‌ಫರ್ಡ್ ಎಂಬ ಪಟ್ಟಣವಿದೆ. 1944ರಲ್ಲಿ ಅಲ್ಲಿದ್ದ ಜನ ಮೂರು ಸಾವಿರ ಚಿಲ್ಲರೆ. ಊರಿನ ತಂತಿ ಕಚೇರಿ ಎಂದರೆ ಗ್ರೀನ್ಸ್ ಎಂಬ ಔಷಧಿ ಅಂಗಡಿಯೊಳಗಿನ ಒಂದು ಮೂಲೆ, ಅಲ್ಲೊಂದು ಟೆಲಿಪ್ರಿಂಟರ್, ಅದರ ಮುಂದೆ ಕೂರುವ 21 ವರ್ಷದ ಯುವತಿ. ಜುಲೈ 17ರ ಸೋಮವಾರ ಬೆಳಿಗ್ಗೆ ಆಕೆ ಎಂದಿನಂತೆ ಯಂತ್ರ ಚಾಲೂ ಮಾಡಿ, ತಾನು ಬಂದು ಕೂತಿರುವುದಾಗಿ ರೋನೋಕ್ ನಗರದ ಕಚೇರಿಗೆ ತಿಳಿಸಿದಳು. ಸಾವಿನ ಸುದ್ದಿಗಳಿವೆ ಎಂದು ಅತ್ತಲಿಂದ ಉತ್ತರ ಬಂತು. ಯುದ್ಧದ ಕಾಲ, ಅಂಥದ್ದೊಂದು ತಂತಿ ಬರುವುದು ಹೊಸದೇನಲ್ಲ. ಆದರೆ ಅಂದು ಒಂದು ಮುಗಿದರೂ ಯಂತ್ರ ನಿಲ್ಲಲಿಲ್ಲ. ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಕೊನೆಗೆ ಒಂಬತ್ತು. ಅಷ್ಟು ಸಣ್ಣ ಊರಿನಲ್ಲಿ ಯಾವ ವಿಳಾಸವೂ ಅಪರಿಚಿತವಲ್ಲ.

ಊರಿನ ಹುಡುಗರು ಸೇರಿದ್ದು ಒಂದೇ ಕಂಪನಿಗೆ, 116ನೇ ಪದಾತಿ ರೆಜಿಮೆಂಟಿನ 'ಎ' ಕಂಪನಿಗೆ. ಜೂನ್ 6ರಂದು ನಾರ್ಮಂಡಿಯ ಒಮಾಹಾ ಕಡಲತೀರಕ್ಕೆ ಮೊದಮೊದಲು ಇಳಿದವರಲ್ಲಿ ಅವರೂ ಇದ್ದರು. ಬೆಡ್‌ಫರ್ಡಿನ ಸುಮಾರು 20 ಮಂದಿ ಅಂದೇ ಸತ್ತರು. ಆ ಸುದ್ದಿ ಊರು ಮುಟ್ಟಲು ಆರು ವಾರ ಹಿಡಿಯಿತು. ಈಗ ಒಂಬತ್ತು ಮನೆಗಳಿಗೆ ತಂತಿ ಮುಟ್ಟಿಸಬೇಕು, ಕಚೇರಿಯಲ್ಲಿ ಅಷ್ಟು ಆಳುಗಳಿಲ್ಲ. ಆ ಯುವತಿ ಹತ್ತಿರದಲ್ಲಿ ಸಿಕ್ಕವರನ್ನೇ ಹಿಡಿದಳು. ಊರಿನ ಶೆರಿಫ್, ಶವಸಂಸ್ಕಾರದ ಏರ್ಪಾಡು ಮಾಡುವವನು, ಟ್ಯಾಕ್ಸಿ ಓಡಿಸುವವನು.

ಯುದ್ಧದಲ್ಲಿ ಸತ್ತವನ ಸುದ್ದಿಯನ್ನು ಮನೆಗೆ ಮುಟ್ಟಿಸುವ ಕೆಲಸದ ಚರಿತ್ರೆ ಬಹುಪಾಲು ಹೀಗೆ ಸಿಕ್ಕವರನ್ನು ಹಿಡಿದ ಚರಿತ್ರೆಯೇ. ಬಂದೂಕಿಗೆ, ಬೂಟಿಗೆ, ಕುದುರೆಯ ಹುಲ್ಲಿಗೆ ಲೆಕ್ಕವಿಟ್ಟ ಸೇನೆಗಳು ಈ ಒಂದು ಕೆಲಸಕ್ಕೆ ತಮ್ಮವರೇ ಆದ ಮನುಷ್ಯರನ್ನು ನೇಮಿಸಲು ತೀರಾ ತಡಮಾಡಿದವು. ನೇಮಿಸಿದಾಗಲೂ ಬಹಳ ಸಲ ಅದಕ್ಕೆ ಕಾರಣ ಸೇನೆಯ ಕರುಣೆಯಲ್ಲ, ಹೊಸ್ತಿಲ ಒಳಗಿದ್ದವರ ಸಿಟ್ಟು.

ಹಳೆಯ ಕಾಲದಲ್ಲಿ ರಾಜ್ಯವು ಸತ್ತವನನ್ನು ನೆನೆಯುತ್ತಿರಲಿಲ್ಲ ಎಂದಲ್ಲ. ಕರ್ನಾಟಕದ ಬಯಲುಗಳ ತುಂಬ ವೀರಗಲ್ಲುಗಳಿವೆ. ಕೆಳಗಿನ ಹಂತದಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಬೇಗೂರಿನ ಪ್ರಸಿದ್ಧ ಶಾಸನದಲ್ಲಿ ಬೆಂಗಳೂರು ಕಾಳಗದಲ್ಲಿ ಸತ್ತವನ ಹೆಸರಿದೆ. ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ 'ನೆತ್ತರುಕೊಡಗೆ' ಎಂಬ ಮೈನಡುಗಿಸುವ ಹೆಸರೇ ಇತ್ತು. ನೆಲ ಕೊಟ್ಟವರ, ಕಲ್ಲು ನಿಲ್ಲಿಸಿದವರ ಹೆಸರನ್ನು ಕಲ್ಲು ಹೇಳುತ್ತದೆ. ಆ ದಿನ ಮನೆಗೆ ಬಂದು ವಿಷಯ ಹೇಳಿದವನ ಹೆಸರು ಅಲ್ಲಿ ಬೇಕಿರಲಿಲ್ಲ. ಹತ್ತಿರದ ಕಾಳಗವಾದರೆ ಜೊತೆಗಾರರೇ ಹೆಣ ಹೊತ್ತು ತರುತ್ತಿದ್ದರು ಅಥವಾ ಬರಿಗೈಲಿ ಬರುತ್ತಿದ್ದರು. ಅವರ ಮುಖ ನೋಡಿದರೆ ಸಾಕಿತ್ತು.

ಊರಿಗೂ ರಣರಂಗಕ್ಕೂ ನೂರಾರು ಮೈಲಿ ಅಂತರ ಬಿದ್ದಾಗ ಈ ವ್ಯವಸ್ಥೆ ಕುಸಿಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಕಡೆಯ ಸೇನೆಗಳಿಗೆ ಮನೆಯವರಿಗೆ ಸಾವು ತಿಳಿಸುವ ನಿಯಮಬದ್ಧ ಏರ್ಪಾಡೇ ಇರಲಿಲ್ಲ. ಪತ್ರಿಕೆಯಲ್ಲಿ ಪಟ್ಟಿ ಬರುತ್ತಿತ್ತು, ಅದರ ತುಂಬ ತಪ್ಪುಗಳು. ಸ್ನೇಹಿತನೋ ದಾದಿಯೋ ಮನಸ್ಸು ಮಾಡಿ ಕಾಗದ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಕ್ಲಾರಾ ಬಾರ್ಟನ್ ಎಂಬ ಮಹಿಳೆ ವಾಷಿಂಗ್ಟನ್‌ನ ಬಾಡಿಗೆ ಕೋಣೆಗಳಲ್ಲಿ ಕಾಣೆಯಾದ ಸೈನಿಕರ ಕಚೇರಿ ತೆರೆದು ಕೂತಳು. 'ನನ್ನ ಮಗ ಎಲ್ಲಿ' ಎಂದು ಕೇಳಿ ಅಲ್ಲಿಗೆ ಬಂದ ಕಾಗದಗಳು 63,000ಕ್ಕೂ ಹೆಚ್ಚು. 1868ರ ಹೊತ್ತಿಗೆ ಆಕೆ ಮತ್ತು ಆಕೆಯ ಸಹಾಯಕರು 22,000ಕ್ಕೂ ಹೆಚ್ಚು ಜನರ ಗತಿ ಏನಾಯಿತೆಂದು ಪತ್ತೆ ಮಾಡಿದ್ದರು. ಅಷ್ಟು ದೊಡ್ಡ ಸರ್ಕಾರ ಮಾಡಬೇಕಾದ ಕೆಲಸ ಒಬ್ಬ ಹೆಣ್ಣುಮಗಳ ಮೇಜಿನ ಮೇಲೆ ನಡೆಯಿತು. ಆಕೆಯೇ ಮುಂದೆ ಅಮೆರಿಕದ ರೆಡ್ ಕ್ರಾಸ್ ಕಟ್ಟಿದ್ದು.

1914ರ ಮಹಾಯುದ್ಧದ ಹೊತ್ತಿಗೆ ಬ್ರಿಟನ್ ಬಳಿ ನಿಯಮವಿತ್ತು, ಆ ನಿಯಮದಲ್ಲೇ ಪಂಕ್ತಿಭೇದವೂ ಇತ್ತು. ಸತ್ತವನು ಅಧಿಕಾರಿಯಾದರೆ ಮನೆಗೆ ತಂತಿ. ಸಾಮಾನ್ಯ ಸಿಪಾಯಿಯಾದರೆ ಅಂಚೆಯಲ್ಲಿ ಒಂದು ಫಾರಂ, ಸೇನಾ ನಮೂನೆ ಬಿ. 104-82. ಹಾಳೆಯಲ್ಲಿ ವಿಷಾದದ ವಾಕ್ಯವೆಲ್ಲ ಮೊದಲೇ ಅಚ್ಚಾಗಿರುತ್ತಿತ್ತು. ಖಾಲಿ ಬಿಟ್ಟ ಜಾಗದಲ್ಲಿ ರೆಕಾರ್ಡ್ ಆಫೀಸಿನ ಗುಮಾಸ್ತ ಶಾಯಿಯಲ್ಲಿ ನಂಬರ್, ಹುದ್ದೆ, ಹೆಸರು, ರೆಜಿಮೆಂಟು, ಸತ್ತ ದಿನ, ಸಾವಿನ ಕಾರಣ ತುಂಬಬೇಕು. ಯುದ್ಧದಲ್ಲಿ ಸತ್ತವನಿಗೂ ಅದೇ ಹಾಳೆ, ಜ್ವರ ಬಂದು ಸತ್ತವನಿಗೂ ಅದೇ ಹಾಳೆ. ಓಣಿಯ ಹೆಂಗಸರಿಗೆ ಲಕೋಟೆ ನೋಡಿದರೇ ಗೊತ್ತಾಗುತ್ತಿತ್ತು.

ತಂತಿ ತರುತ್ತಿದ್ದವರು ಅಂಚೆ ಕಚೇರಿಯ ಹುಡುಗರು, ಹದಿನಾಲ್ಕು ಹದಿನೈದರ ವಯಸ್ಸು, ಸಮವಸ್ತ್ರ, ಸೈಕಲ್ಲು. ಇವರಿಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವರ ಸಾವನ್ನು ಇವರು ಹೊತ್ತು ತರುತ್ತಿದ್ದರು. ಸೈಕಲ್ಲು ಬೀದಿಯ ತಿರುವಿನಲ್ಲಿ ಕಂಡರೆ ಪ್ರತಿ ಮನೆಯೂ ಅದು ಮುಂದಿನ ಮನೆಗೆ ಹೋಗಲಿ ಎಂದು ಬಯಸುತ್ತಿತ್ತು. ಪಕ್ಕದ ಮನೆಯ ಸಾವನ್ನು ಹಾಗೆ ಬಯಸಿದ್ದಕ್ಕೆ ಆಮೇಲೆ ನಾಚಿಕೆಪಟ್ಟವರೂ ಇರಬೇಕು.

ಕವಿ ವಿಲ್ಫ್ರೆಡ್ ಓವನ್ ಸತ್ತದ್ದು 1918ರ ನವೆಂಬರ್ 4ರಂದು, ಫ್ರಾನ್ಸಿನ ಓರ್ಸ್ ಬಳಿಯ ಕಾಲುವೆ ದಾಟುವಾಗ. ಶ್ರೂಸ್‌ಬರಿಯಲ್ಲಿದ್ದ ತಂದೆತಾಯಿಗೆ ತಂತಿ ಮುಟ್ಟಿದ್ದು ನವೆಂಬರ್ 11ರಂದು, ಯುದ್ಧ ಮುಗಿಯಿತೆಂದು ಊರಿನ ಚರ್ಚುಗಳೆಲ್ಲ ಗಂಟೆ ಬಾರಿಸುತ್ತಿದ್ದ ಹೊತ್ತಿನಲ್ಲಿ. ಕತೆಗಾರನೊಬ್ಬ ಕಟ್ಟಿದ್ದರೆ ಅತಿಯಾಯಿತು ಎನ್ನಬಹುದಿತ್ತು. ಲೇಖಕಿ ವೆರಾ ಬ್ರಿಟನ್‌ಗೆ ಆದದ್ದೂ ಅಂಥದ್ದೇ. 1915ರ ಕ್ರಿಸ್‌ಮಸ್ ರಜೆಗೆ ಬರಬೇಕಿದ್ದ ತನ್ನ ಭಾವೀ ಪತಿ ರೋಲಂಡ್ ಲೇಟನ್‌ಗಾಗಿ ಆಕೆ ಬ್ರೈಟನ್ನಿನ ಹೋಟೆಲಿನಲ್ಲಿ ಕಾದಿದ್ದಳು. ಡಿಸೆಂಬರ್ 26ರ ಬೆಳಿಗ್ಗೆ ಫೋನ್ ಬಂತೆಂದಾಗ ಅವನೇ ಎಂದು ಓಡಿದಳು. ಆ ತುದಿಯಲ್ಲಿದ್ದದ್ದು ಅವನ ತಂಗಿ. ಅವನು ಸತ್ತು ಆಗಲೇ ಮೂರು ದಿನವಾಗಿತ್ತು. ಕೆಲವು ವಾರಗಳ ಬಳಿಕ ಅವನ ಸಾಮಾನಿನ ಗಂಟು ಮನೆಗೆ ಬಂತು. ಗುಂಡು ಹೊಕ್ಕ ಅಂಗಿ, ಕಂದಕದ ಕೆಸರು, ಒಣಗಿದ ರಕ್ತ, ಎಲ್ಲ ಇದ್ದ ಹಾಗೇ. ಯಾರೂ ಅದನ್ನು ಒಗೆದು ಕಳಿಸಬೇಕೆಂದು ಯೋಚಿಸಿರಲಿಲ್ಲ.

ಫಾರಂ ಹಿಂದೆಯೇ ಇನ್ನೊಂದು ಕಾಗದವೂ ಬರುತ್ತಿತ್ತು, ಕಂಪನಿಯ ಅಧಿಕಾರಿಯದೋ ಪಾದ್ರಿಯದೋ ಕೈಬರಹದಲ್ಲಿ. ಅದರಲ್ಲಿ ಮಗ ಎಲ್ಲರಿಗೂ ಬೇಕಾದವನಾಗಿರುತ್ತಿದ್ದ, ಅವನಿಗೆ ನೋವೇ ಆಗಿರುತ್ತಿರಲಿಲ್ಲ, ಸಾವು ತಕ್ಷಣ ಬಂದಿರುತ್ತಿತ್ತು. ಎಲ್ಲ ಕಾಗದವನ್ನೂ ನಂಬುವುದಾದರೆ ಆ ಯುದ್ಧದಲ್ಲಿ ಯಾರೂ ನರಳಿ ಸಾಯಲಿಲ್ಲ. ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಇಂಥ ಹತ್ತಾರು ಕಾಗದ ಬರೆಯಬೇಕಾಗಿದ್ದ ಇಪ್ಪತ್ತರ ಆಸುಪಾಸಿನ ಲೆಫ್ಟಿನೆಂಟನ ಆ ಸುಳ್ಳನ್ನು ತಪ್ಪೆನ್ನುವುದು ಕಷ್ಟ.

ಕೆಲವೊಮ್ಮೆ ವ್ಯವಸ್ಥೆ ಸುಮ್ಮನೆ ನಿಂತುಹೋಗುತ್ತಿತ್ತು. 1916ರ ಜುಲೈ 1ರಂದು ಸೋಮ್ ಕದನದ ಮೊದಲ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು. ಒಂದೇ ಊರಿನ ಗೆಳೆಯರನ್ನು ಒಂದೇ ಬೆಟಾಲಿಯನ್ನಿಗೆ ಹಾಕುವ ಪದ್ಧತಿ ಆಗ ಇತ್ತು. ಆಕ್ರಿಂಗ್ಟನ್ ಎಂಬ ಗಿರಣಿ ಊರಿನ ಬೆಟಾಲಿಯನ್ನಿನಲ್ಲಿ ಮುನ್ನುಗ್ಗಿದ ಸುಮಾರು 720 ಮಂದಿಯಲ್ಲಿ 584 ಜನ ಸತ್ತೋ, ಗಾಯಗೊಂಡೋ, ಕಾಣೆಯಾಗಿಯೋ ಹೋದರು. ಪತ್ರಿಕೆಗಳು ಮಾತ್ರ ಗೆಲುವಿನ ಸುದ್ದಿ ಬರೆಯುತ್ತಿದ್ದವು. ಗಾಯಾಳುಗಳ ಕಾಗದಗಳಿಂದ ಗಾಳಿಸುದ್ದಿ ಹಬ್ಬಿ, ನಿಜ ಹೇಳಿ ಎಂದು ಜನ ಮೇಯರ್ ಮನೆಯನ್ನೇ ಮುತ್ತಿದರೆಂಬುದು ಆ ಊರಿನ ನೆನಪು. ಪಾಪ, ಮೇಯರ್‌ಗೂ ಗೊತ್ತಿರಲಿಲ್ಲ.

'ನಾಪತ್ತೆ' ಎಂಬ ಉತ್ತರ ಇನ್ನೂ ಕೆಟ್ಟದು. ಮುಂಬಯಿಯಲ್ಲಿ ಹುಟ್ಟಿದ ರುಡ್ಯಾರ್ಡ್ ಕಿಪ್ಲಿಂಗ್ ತನ್ನ ಮಗ ಜಾನ್‌ಗೆ ದೃಷ್ಟಿದೋಷವಿದ್ದರೂ ಪ್ರಭಾವ ಬಳಸಿ ಸೇನೆಗೆ ಸೇರಿಸಿದ್ದ. 1915ರ ಸೆಪ್ಟೆಂಬರಿನಲ್ಲಿ ಲೂಸ್ ಕದನದಲ್ಲಿ ಜಾನ್ ಗಾಯಗೊಂಡು ನಾಪತ್ತೆಯಾದನೆಂದು ತಂತಿ ಬಂತು. ಆಗ ಅವನಿಗೆ 18 ತುಂಬಿ ಆರು ವಾರವೂ ಆಗಿರಲಿಲ್ಲ. ನೊಬೆಲ್ ಪ್ರಶಸ್ತಿ ಪಡೆದ ತಂದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಗಾಯಾಳುಗಳ ಬಳಿ ಮಗನನ್ನು ಕಂಡಿರಾ ಎಂದು ಕೇಳಿದ. ಪ್ರಭಾವವಿದ್ದವನಿಗೇ ಈ ಗತಿ. ರೆಡ್ ಕ್ರಾಸಿನ ಸ್ವಯಂಸೇವಕರು ನೋಟ್‌ಬುಕ್ ಹಿಡಿದು ಇದೇ ಕೆಲಸವನ್ನು ಸಾವಿರಾರು ಬಡ ಮನೆಗಳ ಪರವಾಗಿ ಮಾಡುತ್ತಿದ್ದರು. ಸ್ವತಃ ಕಿಪ್ಲಿಂಗ್ 1936ರಲ್ಲಿ ಸಾಯುವವರೆಗೂ ಮಗನ ಗೋರಿ ಎಲ್ಲಿದೆಯೆಂದು ತಿಳಿಯಲಿಲ್ಲ.

ಆಸ್ಟ್ರೇಲಿಯದವರು ಬೇರೆ ದಾರಿ ಹಿಡಿದರು. ಸಾವಿನ ತಂತಿಯನ್ನು ಆಯಾ ಪಂಥದ ಪಾದ್ರಿಯ ಕೈಗೆ ಕೊಡುವುದು, ಆತ ಮನೆಗೆ ಹೋಗಿ ಮೆಲ್ಲಗೆ ಹೇಳುವುದು. ಯೋಜನೆ ಒಳ್ಳೆಯದೇ. ಆದರೆ ಐವತ್ತು ಲಕ್ಷವೂ ಇಲ್ಲದ ಆ ದೇಶ 60,000 ಜನರನ್ನು ಕಳೆದುಕೊಂಡಿತು. ಕಪ್ಪು ನಿಲುವಂಗಿ ಬೀದಿಗೆ ಕಾಲಿಟ್ಟರೆ ಸಾಕು, ಹೆಂಗಸರಿಗೆ ಜೀವ ಬಾಯಿಗೆ ಬರತೊಡಗಿತು. ಕಾಯಿಲೆಯವರನ್ನು ನೋಡಲು ಹೊರಟ ಪಾದ್ರಿಗೂ ಅದೇ ಸ್ವಾಗತ. ತಲೆತಲಾಂತರದಿಂದ ಮನೆಮನೆಗೆ ಹೋಗಿಬರುತ್ತಿದ್ದವರು ಸುಮ್ಮನೆ ಭೇಟಿಗೆ ಹೋಗುವುದಕ್ಕೇ ಹಿಂಜರಿಯುವಂತಾಯಿತು.

ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೈನಿಕರು ಲಕೋಟೆ ಸಿಗದೆ ಕಾಗದವನ್ನೇ ತ್ರಿಕೋನಾಕಾರದಲ್ಲಿ ಮಡಚಿ ಮನೆಗೆ ಕಳಿಸುತ್ತಿದ್ದರು. ಅಂಚೆಯವಳ ಚೀಲದಿಂದ ತ್ರಿಕೋನ ಹೊರಬಂದರೆ ಆತ ಬದುಕಿದ್ದಾನೆ, ಸರ್ಕಾರಿ ಹಾಳೆ ಬಂದರೆ ಇಲ್ಲ. ಓದು ಬಾರದ ಮುದುಕಿಯೂ ದೂರದಿಂದಲೇ ತಿಳಿಯಬಲ್ಲಳು.

ಅದೇ ಯುದ್ಧದಲ್ಲಿ ಅಮೆರಿಕದ ವಾಟರ್ಲೂ ಎಂಬ ಊರಿನ ಸಲಿವನ್ ಮನೆಯ ಐವರು ಅಣ್ಣತಮ್ಮಂದಿರು ಒಂದೇ ಹಡಗಿನಲ್ಲಿದ್ದರು. 1942ರ ನವೆಂಬರ್ 13ರಂದು ಆ ಹಡಗು 'ಜೂನೋ' ಮುಳುಗಿತು. ಶತ್ರುವಿಗೆ ತಿಳಿಯಬಾರದೆಂದು ನೌಕಾಪಡೆ ಬಾಯಿ ಬಿಡಲಿಲ್ಲ. ಮಕ್ಕಳ ಕಾಗದ ನಿಂತಿತು, ಊರಲ್ಲಿ ಗುಸುಗುಸು ಎದ್ದಿತು. ಜನವರಿಯಲ್ಲಿ ತಾಯಿಯೇ ನೌಕಾಪಡೆಗೆ ಬರೆದು ಕೇಳಿದಳು. ಅದಾದ ಕೆಲವೇ ದಿನಗಳಲ್ಲಿ ಒಂದು ಮುಂಜಾನೆ ಸಮವಸ್ತ್ರದವರು ಬಾಗಿಲಿಗೆ ಬಂದರು. ಮಗನೊಬ್ಬನ ಸುದ್ದಿ ಇರಬೇಕೆಂದು ತಂದೆ 'ಯಾರು?' ಎಂದು ಕೇಳಿದ. ಐವರೂ ಎಂಬ ಉತ್ತರ ಬಂತು. ಆತ ರೈಲ್ವೆ ನೌಕರ. ಅಂದು ಪಾಳಿ ಇತ್ತು, ಹೆಂಡತಿಯನ್ನು ಕೇಳಿ ಕೆಲಸಕ್ಕೆ ಹೋದನಂತೆ.

ಇಷ್ಟೆಲ್ಲ ಆದ ಮೇಲೂ 1965ರಲ್ಲಿ ಅಮೆರಿಕನ್ ಸೇನೆ ಟ್ಯಾಕ್ಸಿ ಚಾಲಕರ ಕೈಗೆ ಸಾವಿನ ತಂತಿ ಕೊಡುತ್ತಿತ್ತೆಂದರೆ ನಂಬುವುದು ಕಷ್ಟ. ಆ ವರ್ಷದ ನವೆಂಬರಿನಲ್ಲಿ ವಿಯೆಟ್ನಾಮಿನ ಇಯಾ ಡ್ರಾಂಗ್ ಕಣಿವೆಯಲ್ಲಿ ನಾಲ್ಕು ದಿನ ಭೀಕರ ಕಾಳಗ ನಡೆದು ಇನ್ನೂರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಅವರಲ್ಲಿ ಹಲವರ ಹೆಂಡಿರು ಮಕ್ಕಳು ಇದ್ದದ್ದು ಜಾರ್ಜಿಯಾ ರಾಜ್ಯದ ಫೋರ್ಟ್ ಬೆನ್ನಿಂಗ್ ದಂಡುಪ್ರದೇಶದ ಪಕ್ಕದ ಕೊಲಂಬಸ್ ಊರಿನಲ್ಲಿ. ಅಷ್ಟು ಸಾವನ್ನು ಒಮ್ಮೆಗೇ ನಿಭಾಯಿಸುವ ಸಿದ್ಧತೆ ಸೇನೆಗೆ ಇರಲಿಲ್ಲ. ಹಳದಿ ಟ್ಯಾಕ್ಸಿಗಳು ಸೈನಿಕರ ವಸತಿಗಳ ನಡುವೆ ಮನೆ ನಂಬರು ಹುಡುಕುತ್ತ ಸುತ್ತಿದವು. ಒಳಗಿದ್ದವರು ಪರದೆ ಸರಿಸಿ ಅದು ಎಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದರು. ಚಾಲಕನಿಗಾದರೂ ಏನು ಗೊತ್ತು? ಲಕೋಟೆ ಕೊಡಬೇಕು, ಹೊರಡಬೇಕು.

ಬೆಟಾಲಿಯನ್ ಮುನ್ನಡೆಸಿದ್ದ ಲೆಫ್ಟಿನೆಂಟ್ ಕರ್ನಲ್ ಹಾಲ್ ಮೂರ್ ಅವರ ಹೆಂಡತಿ ಜೂಲಿಯಾ ಮೂರ್ ಅಲ್ಲೇ ಇದ್ದರು. ಅವರ ಗಂಡನೂ ಅದೇ ಕಣಿವೆಯಲ್ಲಿದ್ದವರು, ಟ್ಯಾಕ್ಸಿ ತಮ್ಮ ಬಾಗಿಲಿಗೂ ಬರಬಹುದಿತ್ತು. ಐದು ಮಕ್ಕಳ ಈ ತಾಯಿ ಟ್ಯಾಕ್ಸಿ ಹೋದ ಮನೆಗಳಿಗೆ ಹಿಂದೆಯೇ ಹೋಗಿ ಆ ಹೆಣ್ಣುಮಕ್ಕಳ ಪಕ್ಕ ಕೂತರು, ಒಂದೊಂದೇ ಶವಸಂಸ್ಕಾರಕ್ಕೆ ಹೋಗಿ ನಿಂತರು. ಜೊತೆಗೆ, ಇದು ಮನುಷ್ಯರು ಮಾಡುವ ಕೆಲಸವೇ ಎಂದು ಮೇಲಿನವರೆಗೂ ದೂರು ಒಯ್ದರು. ಸೇನೆ ಪದ್ಧತಿ ಬದಲಿಸಿತು. ಸಮವಸ್ತ್ರದ ಅಧಿಕಾರಿಯೊಬ್ಬ ಪಾದ್ರಿಯ ಜೊತೆ ಖುದ್ದಾಗಿ ಮನೆಗೆ ಹೋಗಿ ಹೇಳಬೇಕೆಂಬ ಇಂದಿನ ರೀತಿ ಗಟ್ಟಿಯಾದದ್ದಕ್ಕೆ ಅವರ ಹಟವೂ ಒಂದು ಮುಖ್ಯ ಕಾರಣ. 1992ರಲ್ಲಿ ಹಾಲ್ ಮೂರ್ ಪತ್ರಕರ್ತರೊಬ್ಬರ ಜೊತೆ ಸೇರಿ ಬರೆದ ಪುಸ್ತಕದಿಂದ, ಆಮೇಲೆ ಬಂದ ಸಿನಿಮಾದಿಂದ ಈ ಕತೆ ಲೋಕಕ್ಕೆಲ್ಲ ತಿಳಿಯಿತು.

ಅದೇ 1965ರಲ್ಲಿ, ಎರಡು ತಿಂಗಳು ಮೊದಲು, ಭಾರತ-ಪಾಕಿಸ್ತಾನ ಯುದ್ಧದ ವೇಳೆ ಕೊಡಗಿನ ಎರಡು ಮನೆತನಗಳು ಸುದ್ದಿಗಾಗಿ ಕಾದವು. ಇಬ್ಬರೂ ವಾಯುಪಡೆಯ ಪೈಲಟ್‌ಗಳು, ಇಬ್ಬರ ವಿಮಾನಗಳೂ ಪಾಕಿಸ್ತಾನದ ನೆಲದಲ್ಲಿ ಬಿದ್ದವು.

ಸೆಪ್ಟೆಂಬರ್ 22ರಂದು ವಿಮಾನ ಉರುಳಿ ಸೆರೆಸಿಕ್ಕವರು ಕೆ.ಸಿ. ನಂದಾ ಕಾರಿಯಪ್ಪ, ನಿವೃತ್ತ ಸೇನಾ ಮಹಾದಂಡನಾಯಕ ಕೆ.ಎಂ. ಕಾರಿಯಪ್ಪನವರ ಮಗ. ದೇಶ ಒಡೆಯುವ ಮೊದಲು ಕಾರಿಯಪ್ಪನವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷ. ಮಗ ಬದುಕಿದ್ದಾನೆ, ಕ್ಷೇಮವಾಗಿದ್ದಾನೆ ಎಂದು ಶತ್ರುದೇಶದ ರೇಡಿಯೋವೇ ಸಾರಿತು. ಬಿಡುಗಡೆಯ ಮಾತೂ ಬಂತು. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಎಂದು ಮಡಿಕೇರಿಯ ಮುದಿ ಸೇನಾನಿ ಹೇಳಿ ಕಳಿಸಿದ್ದು ಇಂದಿಗೂ ಕೊಡಗಿನಲ್ಲಿ ಹೆಮ್ಮೆಯ ಮಾತು. ಮಗ 1966ರ ಜನವರಿಯಲ್ಲಿ ಮರಳಿದರು.

ಇನ್ನೊಬ್ಬರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಸೆಪ್ಟೆಂಬರ್ 7ರ ಬೆಳಿಗ್ಗೆ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದು ಹಿಂದಿರುಗಲಿಲ್ಲ. ಏನಾಯಿತೆಂದು ಯಾರೂ ನೋಡಿರಲಿಲ್ಲ. ಪತ್ನಿಗೆ ದೊರೆತದ್ದು ನಾಪತ್ತೆ ಎಂಬ ಒಂದು ಪದ. ವರ್ಷಗಳು ಉರುಳಿದವು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ಯುದ್ಧದ ಬಗ್ಗೆ ಪುಸ್ತಕ ಬರೆದಾಗ ಅದರಲ್ಲೊಂದು ವಿಷಯವಿತ್ತು: ಅಂದು ಪಾಕಿಸ್ತಾನದ ಶಬ್ದವೇಗ ಮೀರಿದ ಸ್ಟಾರ್‌ಫೈಟರ್ ವಿಮಾನವೊಂದನ್ನು ಭಾರತದ ಹಳೆಯ ಮಿಸ್ಟೇರ್ ಒಂದು ಹೊಡೆದುರುಳಿಸಿತ್ತು. ಹಿಂದಿರುಗದ ಮಿಸ್ಟೇರ್ ಯಾರದೆಂದು ಭಾರತೀಯ ವಾಯುಪಡೆಯ ಹಿರಿಯರಿಗೆ ತಿಳಿಯದೆ? ಲೆಕ್ಕ ಕೂಡಿತು. ದೇವಯ್ಯನವರ ದೇಹವನ್ನು ಅಲ್ಲಿನ ಹಳ್ಳಿಗರೇ ಮಣ್ಣು ಮಾಡಿದ್ದರೆಂಬುದೂ ತಿಳಿಯಿತು. 1988ರಲ್ಲಿ, ಸತ್ತ 23 ವರ್ಷಗಳ ಬಳಿಕ, ಮಹಾವೀರ ಚಕ್ರ ಬಂತು, ಪತ್ನಿ ಅದನ್ನು ಸ್ವೀಕರಿಸಿದರು. ಕಿಪ್ಲಿಂಗನಿಗೆ ಸಿಗದ ಉತ್ತರ ಇವರಿಗೆ ಸಿಕ್ಕಿತು, ಆದರೆ ತಂದವನು ಅಂಚೆಯವನೂ ಅಲ್ಲ, ಅಧಿಕಾರಿಯೂ ಅಲ್ಲ, ಇಂಗ್ಲೆಂಡಿನ ಒಬ್ಬ ಬರಹಗಾರ.

1965ಕ್ಕೂ ಮೂರು ವರ್ಷ ಮೊದಲಿನ ಚೀನಾ ಯುದ್ಧದಲ್ಲಿ, ಲಡಾಖಿನ ರೆಜಾಂಗ್ ಲಾದಲ್ಲಿ ಉತ್ತರ ತಂದವನು ಕುರುಬ. 1962ರ ನವೆಂಬರ್ 18ರಂದು 13ನೇ ಕುಮಾವೂಂ ಬೆಟಾಲಿಯನ್ನಿನ ಒಂದು ಕಂಪನಿ ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು. ಬದುಕಿ ಬಂದ ಬೆರಳೆಣಿಕೆಯವರು ಹೇಳಿದ್ದನ್ನು ನಂಬದವರಿದ್ದರು. ಫೆಬ್ರವರಿಯಲ್ಲಿ ಹಿಮದ ನಡುವೆ ಕುರಿಗಾಹಿಯೊಬ್ಬ ಕಂದಕಗಳನ್ನು ಕಂಡ. ಬಂದೂಕು ಹಿಡಿದ ಭಂಗಿಯಲ್ಲೇ ಹೆಪ್ಪುಗಟ್ಟಿದ ಸೈನಿಕರು ಅಲ್ಲಿದ್ದರು.

ಭಾರತದ ಹಳ್ಳಿಗಳಿಗೆ ಈ ಸುದ್ದಿಯೂ ಬರುತ್ತಿದ್ದದ್ದು ತಂತಿಯಲ್ಲೇ, ರೆಜಿಮೆಂಟಿನ ರೆಕಾರ್ಡ್ ಆಫೀಸಿನಿಂದ. ಬರಹ ಇಂಗ್ಲಿಷಿನಲ್ಲಿ. ಅಂಚೆಯವನೋ ಶಾಲೆಯ ಮೇಷ್ಟ್ರೋ ಓದಿ ಹೇಳಬೇಕು. ತಂತಿ ಎಂದರೆ ಸಾವು ಎಂಬ ನಂಬಿಕೆ ಎಷ್ಟು ಬೇರೂರಿತ್ತೆಂದರೆ, ನೌಕರಿ ಸಿಕ್ಕಿದ ತಂತಿಗೂ ಮೊದಲು ಅಳು ಶುರುವಾಗುತ್ತಿತ್ತು. ಆ ಯುದ್ಧಗಳಲ್ಲಿ ಸತ್ತವರ ಅಂತ್ಯಕ್ರಿಯೆ ಬಹುಪಾಲು ಗಡಿಯ ಬಳಿಯೇ ನಡೆದು, ಮನೆಗೆ ಬರುತ್ತಿದ್ದದ್ದು ಒಂದು ಟ್ರಂಕು. ದೇಹವನ್ನೇ ನೋಡದ ತಾಯಂದಿರು ಮಗ ಎಲ್ಲೋ ಇದ್ದಾನೆ ಎಂದು ಕಾಯುತ್ತಲೇ ಹೋದರು. 1999ರ ಕಾರ್ಗಿಲ್ ಯುದ್ಧದಲ್ಲಿ ಭಾರತ 527 ಸೈನಿಕರನ್ನು ಕಳೆದುಕೊಂಡಾಗ ಪಾರ್ಥಿವ ಶರೀರಗಳು ವಿಮಾನದಲ್ಲಿ ಊರಿಗೆ ಬಂದವು. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆಯ ಹಿಂದೆ ಊರಿಗೆ ಊರೇ ನಡೆಯುವ ದೃಶ್ಯ ಟಿ.ವಿ.ಯಲ್ಲಿ ಮನೆಮನೆ ತಲುಪಿದ್ದು ಆಗಲೇ. ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು.

ಸುದ್ದಿ ಬೇಗ ಬಂದರೆ ಸರಿಯಾಗಿಯೇ ಬರುತ್ತದೆ ಎಂದೇನಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಗಡ್ಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಯಾರಾದರೂ ಬದುಕಿ ಉಳಿದಿರುವ ಸಾಧ್ಯತೆ ತೀರಾ ಕಡಿಮೆ ಎಂಬ ಪ್ರಕಟಣೆ ಮರುದಿನವೇ ಹೊರಬಿತ್ತು. ಕುಂದಗೋಳ ತಾಲ್ಲೂಕಿನ ಬೆಟದೂರಿನಲ್ಲಿ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಮನೆಯವರು ದುಃಖದಲ್ಲಿ ಮುಳುಗಿದ್ದಾಗ, ಐದಾರು ದಿನಗಳ ಬಳಿಕ, ಅವರು ಹಿಮದಡಿ ಉಸಿರಾಡುತ್ತಿದ್ದಾರೆಂಬ ಸುದ್ದಿ ಬಂತು. ದೇಶವೇ ಹರಕೆ ಹೊತ್ತಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಒಂದೇ ಸಾವು ಒಂದೇ ಮನೆಗೆ ಒಂದು ವಾರದೊಳಗೆ ಎರಡು ಸಲ ಬಂದಿತ್ತು. ಉಳಿದ ಒಂಬತ್ತು ಮನೆಗಳವರು ಆ ನಡುವಿನ ಎರಡು ದಿನ ಏನೇನು ಆಸೆಪಟ್ಟಿರಬಹುದೋ.

ಈಗ ಓಟದಲ್ಲಿ ಎದುರಾಳಿ ಮೊಬೈಲು. ಅಧಿಕಾರಿಯ ಜೀಪು ಊರು ಮುಟ್ಟುವ ಮೊದಲೇ ಹೆಸರು ವಾಟ್ಸಾಪ್‌ನಲ್ಲಿ ಓಡುತ್ತದೆ, ಟಿ.ವಿ. ಪರದೆಯ ಅಡಿಯಲ್ಲಿ ಹರಿಯುತ್ತದೆ. ಇದನ್ನು ತಡೆಯಲು ಅಮೆರಿಕನ್ ಸೇನೆ ಇರಾಕ್, ಅಫ್ಘಾನಿಸ್ತಾನಗಳಲ್ಲಿ ಒಂದು ಉಪಾಯ ಹೂಡಿತು. ಯಾರಾದರೂ ಸತ್ತ ಕೂಡಲೇ ಇಡೀ ಶಿಬಿರದ ಫೋನು, ಇಂಟರ್ನೆಟ್ ಬಂದ್ ಮಾಡುವುದು, ಮನೆಯವರಿಗೆ ವಿಷಯ ಮುಟ್ಟಿದ ಮೇಲಷ್ಟೇ ತೆರೆಯುವುದು. ಅತ್ತ ಊರಿನಲ್ಲಿದ್ದ ಹೆಂಡಿರಿಗೆ ಇದರ ಗುಟ್ಟು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಒಬ್ಬರ ಗಂಡನಿಂದಲ್ಲ, ಆ ಶಿಬಿರದ ಯಾರಿಂದಲೂ ಇ-ಮೇಲ್ ಬರುತ್ತಿಲ್ಲವೆಂದರೆ ಯಾರೋ ಸತ್ತಿದ್ದಾರೆಂದೇ ಅರ್ಥ. ಯಾರೆಂಬುದು ಮಾತ್ರ ಬಾಗಿಲಿಗೆ ಬಂದವರು ಹೇಳಬೇಕಿತ್ತು.